ತಂಗಿಗೆ ಇನ್ನೊಬ್ಬ ಅಕ್ಕ: ಬನಿ ಯಾಸ್ ದ್ವೀಪದ ಇಗರ್ಜಿಗೆ ಹೋದದ್ದು

ದುಬೈಗೆ ಹೋಗಿ ಬಂದವರೆಲ್ಲ ಎತ್ತರದ ಕಟ್ಟಡದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ನಾನು ಹೋದದ್ದು ನನ್ನ ತಂಗಿ ಲೀನಾಳನ್ನು ಊರಿಗೆ ಹೊರಡಿಸಲಿಕ್ಕೆ. ಅವಳು ದುಬೈಯ ದೇರಾ ಪೇಟೆಯ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಾನು ಕುಂದಾಪುರದಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದವಳು. ಅವಳಿಗೂ ಮದುವೆಯಾಗಿಲ್ಲ, ನನಗೂ ಇಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನಗೆ ಅವಳು, ಅವಳಿಗೆ ನಾನು ಎಂದು ತಿಳಿದುಕೊಂಡಿದ್ದೆ. ಅವಳಿಗಾಗಿ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿ, ಅವಳಿಗೆ ಇಷ್ಟವಾದ ತಿಳಿ ಹಸಿರು ಬಣ್ಣ ಬಳಿಸಿ, ವರ್ಷ ವರ್ಷವೂ "ಈ ಸಲ ಬಂದುಬಿಡು" ಎನ್ನುತ್ತಿದ್ದೆ. ವರ್ಷ ವರ್ಷವೂ ಅವಳು "ಇನ್ನೊಂದು ವರ್ಷ, ಅಕ್ಕ" ಎನ್ನುತ್ತಿದ್ದಳು. ಫೋನಿನಲ್ಲಿ ಕೇಳಿ ಕೇಳಿ ಸಾಕಾಯಿತು. ಪೋಪರು ಅಬುಧಾಬಿಗೆ ಬಂದು ಹೋದ ವರ್ಷದ ನವೆಂಬರಿನಲ್ಲಿ, ಎದುರು ಕುಳಿತೇ ಕೇಳುತ್ತೇನೆ ಎಂದು ವಿಮಾನ ಹತ್ತಿದೆ.

ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳಕ್ಕೆ ಮಾತ್ರ ಕನ್ನಡದಲ್ಲಿ ಅಷ್ಟು ಖಾರ ಬರುವುದಿಲ್ಲ, ಹಾಗಾಗಿ ಅವನ್ನು ಬಿಟ್ಟಿದ್ದೇನೆ.

ವಿಮಾನ ನಿಲ್ದಾಣ

ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಹೊರಗೆ ಬಂದೆ. ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಮಾಂಸದ ಸಾರಿಗೆ ಹಾಕುವ ಬಫಾತ್ ಪುಡಿ, ಒಣ ಸಿಗಡಿ, ಹಲಸಿನ ಹಪ್ಪಳ. ಜತೆಗೆ ಲೀನಾ "ಒಬ್ಬರಿಗೆ ಕೊಡ್ಲಿಕ್ಕುಂಟು, ಮರೀಬೇಡ" ಎಂದು ಮೂರು ಸಲ ಫೋನ್ ಮಾಡಿ ಹೇಳಿದ ಮಾವಿನ ಮಿಡಿ ಉಪ್ಪಿನಕಾಯಿ. ಅದಕ್ಕೆ ಜಾಗ ಮಾಡಲು ನನ್ನ ಎರಡು ಸೀರೆಗಳನ್ನು ಮನೆಯಲ್ಲೇ ಬಿಟ್ಟಿದ್ದೆ.

"ಅಕ್ಕಾ!" ಲೀನಾಳ ದನಿ ಕೇಳಿತು. ಕೈ ಎತ್ತಿದೆ. ನೋಡಿದರೆ ಅವಳು ನನ್ನ ಕಡೆ ಬೆರಳು ತೋರಿಸುತ್ತಾ ಇನ್ನೊಂದು ಬಾಗಿಲ ಕಡೆ ಕೂಗುತ್ತಿದ್ದಾಳೆ. "ಅಕ್ಕಾ, ಇಲ್ಲಿ ಬಾ, ಸಿಕ್ಕಿದ್ಳು!"

ಆ ಬಾಗಿಲಲ್ಲಿ ನನ್ನನ್ನು ಹುಡುಕುತ್ತಿದ್ದ ಹೆಂಗಸೊಬ್ಬಳು ಓಡೋಡಿ ಬಂದಳು. ನನ್ನದೇ ವಯಸ್ಸು, ಕಪ್ಪು ಬುರ್ಖಾ, ನಗುಮುಖ. ನಾನು ತಂಗಿಯನ್ನು ಅಪ್ಪಿಕೊಳ್ಳುವುದರೊಳಗೆ ಅವಳು ನನ್ನನ್ನು ಅಪ್ಪಿಕೊಂಡಾಗಿತ್ತು.

"ಟೀಚರ್, ಮಾಶಾಲ್ಲಾ, ಫೋಟೋದಲ್ಲಿ ನೋಡಿದ್ದಕ್ಕಿಂತ ಸಪೂರ ಇದ್ದೀರಲ್ಲ! ನಾನು ಜುಲೇಖಾ. ಭಟ್ಕಳದವಳು. ಲೀನಾಳ ಎದುರಿನ ಫ್ಲ್ಯಾಟು."

ನನ್ನ ತಂಗಿ ಅವಳಿಗೂ "ಅಕ್ಕ" ಎನ್ನುತ್ತಾಳೆ, ಅವಳಿಗೂ "ನೀನು" ಎನ್ನುತ್ತಾಳೆ ಎಂಬುದು ಮೊದಲ ಐದು ನಿಮಿಷದಲ್ಲೇ ಗೊತ್ತಾಯಿತು. ಉಪ್ಪಿನಕಾಯಿ ಯಾರಿಗೆಂದು ಕೇಳುವ ಅಗತ್ಯವೂ ಬೀಳಲಿಲ್ಲ. ದೊಡ್ಡ ಬಿಳಿ ಗಾಡಿಯ ಚಾಲಕನ ಸೀಟಿನಲ್ಲಿ ಅವಳೇ ಕುಳಿತಳು, ಪಕ್ಕದಲ್ಲಿ ಲೀನಾ. ಹಿಂದೆ ನಾನು ಮತ್ತು ನನ್ನ ಪೆಟ್ಟಿಗೆ.

ಅಲ್ ನಹ್ದಾ

ಲೀನಾಳ ಮನೆ ಅಲ್ ನಹ್ದಾದಲ್ಲಿ. ಕಿಟಕಿಯಿಂದ ನೋಡಿದರೆ ಒಂದರ ಹಿಂದೊಂದು ಕಟ್ಟಡ, ಬಾಲ್ಕನಿಗಳಲ್ಲೆಲ್ಲ ನಮ್ಮವರದೇ ಬಟ್ಟೆ ಒಣಗುತ್ತಿರುತ್ತದೆ. ಕೆಳಗಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಇದೆ, ಬಫಾತ್ ಪುಡಿ ಇದೆ, ಒಣ ಸಿಗಡಿಯೂ ಇದೆ. ನಾನು ಹೊತ್ತು ತಂದದ್ದನ್ನು ಲೀನಾ "ಆಯ್ತಾಯ್ತು, ಇಡುವ" ಎಂದು ಮಂಚದ ಅಡಿಗೆ ತಳ್ಳಿದಳು. ನನ್ನ ಮುಖ ಊದಿದ್ದನ್ನು ನೋಡಿ ಒಂದು ಹಪ್ಪಳ ಕರಿದಳು.

ನನಗೆ ನಿಜವಾಗಿ ಮೈ ಉರಿದದ್ದು ಬೀಗದ ಕೈ ವಿಷಯಕ್ಕೆ. ಜುಲೇಖಾಳ ಹತ್ತಿರ ನನ್ನ ತಂಗಿಯ ಮನೆಯ ಕೈ ಇದೆ! ಕರೆಗಂಟೆ ಇಲ್ಲ, ಬಾಗಿಲು ಬಡಿಯುವುದಿಲ್ಲ, ಕಟಕ್ ಎಂದು ತೆರೆದು "ಲೀನಾ, ಮೀನು ತಂದೆ" ಎಂದು ನೇರ ಅಡುಗೆಮನೆಗೆ. ನಾನು ಇಂಥ ಡಬ್ಬಿ ಎಲ್ಲಿದೆ ಎಂದು ಹುಡುಕುತ್ತಿದ್ದರೆ ಅವಳು ನನ್ನ ತಲೆಯ ಮೇಲಿಂದ ಕೈ ಹಾಕಿ ತೆಗೆದುಕೊಡುತ್ತಾಳೆ. ಅವರ ಮನೆಮಾತು ನವಾಯತಿಗೂ ನಮ್ಮ ಕೊಂಕಣಿಗೂ ಅಕ್ಕಪಕ್ಕದ ಮನೆಯಷ್ಟೇ ಅಂತರ. ಲೀನಾ ಇದರಲ್ಲಿ ಶುರು ಮಾಡಿದ ಮಾತನ್ನು ಅವಳು ಅದರಲ್ಲಿ ಮುಗಿಸುತ್ತಾಳೆ. ಇಬ್ಬರೂ ನಗುತ್ತಾರೆ. ಯಾಕೆ ನಕ್ಕಿರಿ ಎಂದು ನಾನು ಕೇಳಬೇಕು, ಅವರು ವಿವರಿಸಬೇಕು, ಅಷ್ಟರಲ್ಲಿ ನಗು ತಣ್ಣಗಾಗಿರುತ್ತದೆ.

ಆ ರಾತ್ರಿ ಅವಳು ಮಾಡಿದ ಬಂಗುಡೆ ಸಾರು. ಲೀನಾ ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ಅಕ್ಕ, ಸೇಮ್ ಅಮ್ಮನದ್ದೇ ರುಚಿ ಅಲ್ವಾ?" ಎಂದಳು.

ಅಲ್ಲ. ಅಮ್ಮ ಹುಳಿ ಕಡಿಮೆ ಹಾಕುತ್ತಿದ್ದಳು. ಅಮ್ಮನ ಸಾರು ಮಾಡಲು ಬರುವುದು ಪ್ರಪಂಚದಲ್ಲಿ ನನಗೊಬ್ಬಳಿಗೆ. ಇಷ್ಟನ್ನೂ ಗಂಟಲಲ್ಲೇ ನುಂಗಿಕೊಂಡು "ಪರವಾಗಿಲ್ಲ" ಎಂದೆ. ಎರಡನೆಯ ಸಲ ಬಡಿಸಿಕೊಂಡೆ, ಹುಳಿ ಎಷ್ಟು ಹೆಚ್ಚಾಗಿದೆ ಎಂದು ನೋಡಲಿಕ್ಕೆ.

ಮರುದಿನ ಲೀನಾ ಒಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ. "ಈ ವರ್ಷ ಬರ್ತೀಯಾ ಇಲ್ವಾ? ಒಂದೇ ಮಾತಲ್ಲಿ ಹೇಳು."

"ಅಕ್ಕ, ಈಗಷ್ಟೇ ಬಂದಿದ್ದಿ. ಮೊದಲು ತಿರುಗುವ. ದ್ವೀಪದಲ್ಲಿ ಸಾವಿರ ವರ್ಷಕ್ಕೂ ಹಳೇ ಇಗರ್ಜಿ ಉಂಟು ಗೊತ್ತುಂಟಾ? ಮರಳಿನಡಿಯಿಂದ ತೆಗ್ದದ್ದು. ನಮ್ಮ ಹೋಟೆಲಿನ ಪರಿಚಯದಲ್ಲಿ ಅಲ್ಲಿ ಎರಡು ರೂಮು ಸಿಕ್ಕಿದೆ."

"ಎರಡು ಯಾಕೆ? ನಾವಿಬ್ರೇ ಅಲ್ವಾ?"

"ಮತ್ತೆ ಗಾಡಿ ಯಾರು ಬಿಡುದು? ಜುಲೇಖಾಕ್ಕ ಬರ್ತಾಳೆ."

ಇವಳು ಊರಿಗೆ ಬಾರದಿರುವುದಕ್ಕೆ ಕಾರಣ ಕೆಲಸವಲ್ಲ, ಸಂಬಳವಲ್ಲ, ಎದುರಿನ ಫ್ಲ್ಯಾಟು ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಊರಿನಿಂದ ತಂದ ಮೇಣದಬತ್ತಿ ನೆನಪಾಯಿತು. ಫೆಬ್ರವರಿಯ ಹಬ್ಬದಲ್ಲಿ ಪಾದ್ರಿಗಳು ಮಂತ್ರಿಸಿ ಕೊಟ್ಟ ಉದ್ದನೆಯ ಬತ್ತಿ. ನಮ್ಮಲ್ಲಿ ದೊಡ್ಡ ಬೇಡಿಕೆಗೆ ದೊಡ್ಡ ಇಗರ್ಜಿಯಲ್ಲಿ ಬತ್ತಿ ಹಚ್ಚುವ ಕ್ರಮ. ಅಷ್ಟು ಹಳೆಯ ಇಗರ್ಜಿಯಾದರೆ ಬೇಡಿಕೆ ಬೇಗ ತಲುಪೀತು ಎಂದುಕೊಂಡು ಅದನ್ನು ಕೈಚೀಲಕ್ಕೆ ಹಾಕಿದೆ. ಬೇಡಿಕೆ ಇಷ್ಟೇ: ದೇವರೇ, ಆ ಹೆಂಗಸಿನಿಂದ ನನ್ನ ತಂಗಿಯನ್ನು ಬಿಡಿಸಿ ನನ್ನ ಮನೆಗೆ ಕಳಿಸು.

ಕಾಂಡ್ಲಾ ಕಾಡು

ದ್ವೀಪಕ್ಕೆ ಹೋಗುವ ದಾರಿಯಲ್ಲಿ ಅಬುಧಾಬಿಯ ಕಾಂಡ್ಲಾ ಕಾಡಿಗೆ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿಗೆ ಹೋದೆವು. ನಮ್ಮ ಕುಂದಾಪುರದ ಹೊಳೆಬದಿಯಲ್ಲಿ ಇರುವುದೂ ಇದೇ ಕಾಂಡ್ಲಾ. ನಾವು ಅದರ ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ನೋಡಿ ಮುಖ ತಿರುಗಿಸುತ್ತೇವೆ. ಇಲ್ಲಿ ಅದಕ್ಕೆ ಬೋರ್ಡೇನು, ಕಾವಲೇನು, ನೋಡಲು ಬಂದವರು ಪಿಸುದನಿಯಲ್ಲಿ ಮಾತಾಡುವುದೇನು! ಎಲೆಯ ಮೇಲೆ ಉಪ್ಪು ಹರಳುಗಟ್ಟಿತ್ತು, ನೆಕ್ಕಿ ನೋಡಿದೆ. ನೀರು ಎಷ್ಟು ತಿಳಿಯೆಂದರೆ ತಳದಲ್ಲಿ ಏಡಿ ನಡೆಯುವುದು ಕಾಣುತ್ತಿತ್ತು. ಮರಳುಗಾಡಿನವರಿಗೆ ನಮ್ಮ ಮರ ಇಷ್ಟು ಚೆನ್ನಾಗಿ ಬೆಳೆದುಕೊಟ್ಟಿದೆಯಲ್ಲ ಎಂದು ಮರದ ಮೇಲೂ ಸಿಟ್ಟು ಬಂತು.

ಕಯಾಕ್ ಎಂಬ ಸಪೂರ ದೋಣಿಯಲ್ಲಿ ಕೂರಿಸುತ್ತಾರೆ. ನಾನು ಲೀನಾಳ ಕೈ ಹಿಡಿದು ಮೊದಲೇ ಸಾಲಿನಲ್ಲಿ ನಿಂತಿದ್ದೆ. ದೋಣಿಯವನು ನಮ್ಮ ಮೂವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಲೀನಾಳಿಗೆ ಒಂಟಿ ದೋಣಿ ಕೊಟ್ಟು, ನನ್ನನ್ನೂ ಜುಲೇಖಾಳನ್ನೂ ಒಂದೇ ದೋಣಿಯಲ್ಲಿ ಕೂರಿಸಿಬಿಟ್ಟ.

ಮುಂದೆ ನಾನು, ಹಿಂದೆ ಅವಳು. ನಾನು ಎಡಕ್ಕೆ ಹುಟ್ಟು ಹಾಕಿದರೆ ಅವಳೂ ಎಡಕ್ಕೆ. ದೋಣಿ ಅಲ್ಲೇ ಗಿರಗಿರ ತಿರುಗಿತು. ಬೇರೆ ಪ್ರವಾಸಿಗರು ದಾಟಿ ದಾಟಿ ಹೋದರು. ಕೊನೆಗೆ ಕಾಂಡ್ಲಾದ ಬೇರುಗಳ ನಡುವೆ ಮೂತಿ ತೂರಿಸಿ ದೋಣಿ ನಿಂತೇಬಿಟ್ಟಿತು.

"ಯಾ ಅಲ್ಲಾ!" ಜುಲೇಖಾ ನಕ್ಕ ನಗುವಿಗೆ ದೋಣಿ ಅಲುಗಾಡಿತು. "ಟೀಚರ್, ನಿಮ್ಮ ಮಂಡಿ ಹೇಗುಂಟು? ಮಡಚಿಡ್ಬೇಡಿ, ಬಲದ್ದು ಊದ್ತದೆ ಅಲ್ವಾ ನಿಮ್ಗೆ?"

"ಯಾರು ಹೇಳಿದ್ದು?"

"ಲೀನಾ. ಸಕ್ಕರೆ ಮಾತ್ರೆ ಬೆಳಿಗ್ಗೆದ್ದು ತಗೊಂಡ್ರಾ? ನೀವು ಮರೀತೀರಂತೆ. ಪಕ್ಕದ ಮನೆಯವರು ಕಾಂಪೌಂಡಿನ ಜಗಳ ನಿಲ್ಲಿಸಿದ್ರಾ?"

ನನ್ನ ಮಂಡಿ, ನನ್ನ ಸಕ್ಕರೆ, ನನ್ನ ಕಾಂಪೌಂಡು! ಭಾನುವಾರ ಭಾನುವಾರ ಫೋನಿನಲ್ಲಿ ತಂಗಿಯ ಕಿವಿಗೆ ಮಾತ್ರ ಎಂದು ಹೇಳಿದ್ದೆಲ್ಲ ಈ ಹೆಂಗಸಿನ ಹತ್ತಿರ ಇದೆ. ಅವಳ ವಿಷಯ ನನಗೆ ಒಂದಕ್ಷರ ಗೊತ್ತಿಲ್ಲ. ನಾನು ಬೇರಿಗೆ ಹುಟ್ಟು ಊರಿ ಜೋರಾಗಿ ದೂಡಿದೆ. ದೋಣಿ ಬಿಡಿಸಿಕೊಂಡು ಹಿಂದಕ್ಕೆ ಹಾರಿತು. ಇಬ್ಬರೂ ಸೊಂಟದವರೆಗೆ ಒದ್ದೆ. ದೂರದಿಂದ ಲೀನಾ ಫೋನ್ ಎತ್ತಿ ಫೋಟೋ ತೆಗೆಯುತ್ತಿದ್ದಳು.

ದ್ವೀಪ

ಪಶ್ಚಿಮಕ್ಕೆ ಹೋದಷ್ಟೂ ರಸ್ತೆ ನೇರ, ಮನೆ ಕಡಿಮೆ. ನಮ್ಮ ಹೈವೇಯಲ್ಲಿ ಹಸು, ಬಸ್ಸು, ಬೈಕು ಎಂದು ಎಚ್ಚರವಾಗಿರಬಹುದು. ಇಲ್ಲಿ ನಿದ್ದೆ ಬರುತ್ತದೆ. ನಿದ್ದೆ ಬರಬಾರದೆಂದು ಲೀನಾ ಅವಳಿಗೆ ಖರ್ಜೂರದ ಬೀಜ ತೆಗೆದು ತೆಗೆದು ತಿನ್ನಿಸುತ್ತಿದ್ದಳು. ನನಗೆ ಡಬ್ಬಿಯನ್ನೇ ಹಿಂದಕ್ಕೆ ಕೊಟ್ಟಳು.

ರಸ್ತೆ ಮುಗಿದಲ್ಲಿ ದೋಣಿ ಹತ್ತಿ ಸರ್ ಬನಿ ಯಾಸ್ ದ್ವೀಪಕ್ಕೆ ಇಳಿದೆವು. ಆಹಾ, ಅದೊಂದು ಜಾಗ. ದ್ವೀಪದ ನಡುವೆ ಉಪ್ಪು ನೆಲದೊಳಗಿಂದ ಮೇಲೆ ತಳ್ಳಿ ತಳ್ಳಿ ಎದ್ದ ಬೆಟ್ಟಗಳು. ಒಂದು ಕಡೆ ಇಟ್ಟಿಗೆಯ ಕೆಂಪು, ಒಂದು ಕಡೆ ನೇರಳೆ, ಒಂದು ಕಡೆ ಹಸಿರು ಪಾಚಿಯ ಬಣ್ಣ. ಮರ ಒಂದಿಲ್ಲದೆ ಬೆಟ್ಟ ಚಂದ ಕಾಣಬಹುದೆಂದು ನನಗೆ ಗೊತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ನೀರು ಹಾಯಿಸಿ ಬೆಳೆಸಿದ ಮರಗಳ ಸಾಲು. ಅದರ ನಡುವೆ ಜಿಂಕೆಯಂಥ, ಉದ್ದ ಕೊಂಬಿನ ಬಿಳಿ ಓರಿಕ್ಸ್‌ಗಳು ಹಿಂಡು ಹಿಂಡಾಗಿ, ನಮ್ಮನ್ನು ಕಂಡರೂ ಕಾಣದಂತೆ ಮೇಯುತ್ತಿದ್ದವು.

ತೆರೆದ ಜೀಪಿನಲ್ಲಿ ಕರೆದುಕೊಂಡು ಹೋದದ್ದು ದಕ್ಷಿಣ ಆಫ್ರಿಕಾದ ಒಬ್ಬ ಗೈಡ್ ಹೆಂಗಸು. ಜಿರಾಫೆಗಳ ಹತ್ತಿರ ಗಾಡಿ ನಿಲ್ಲಿಸಿದಳು. ಒಂದು ಜಿರಾಫೆ ನನ್ನ ತಲೆ ದಾಟಿ, ಲೀನಾಳ ತಲೆ ದಾಟಿ, ಜುಲೇಖಾಳ ಮುಖದ ಹತ್ತಿರ ಕುತ್ತಿಗೆ ಚಾಚಿ ಕಣ್ಣು ಪಿಳಿಪಿಳಿ ಮಾಡಿತು. ಎಲ್ಲರಿಗೂ ಇವಳೇ ಬೇಕು!

ಬೆಳಿಗ್ಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಕಿಟಕಿಯ ಪರದೆ ಸರಿಸಿದೆ. ಸಮುದ್ರದ ದಡದಲ್ಲಿ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಮಾತಾಡುತ್ತಿರಲಿಲ್ಲ. ಮಾತಾಡುತ್ತಿದ್ದರೆ ಇಷ್ಟು ಹೊಟ್ಟೆಕಿಚ್ಚಾಗುತ್ತಿರಲಿಲ್ಲವೇನೋ. ಸುಮ್ಮನೆ ಜೊತೆಯಲ್ಲಿ ನಡೆಯುವಷ್ಟು ಬಳಕೆ ನನಗೂ ಲೀನಾಳಿಗೂ ಯಾವತ್ತು ಇತ್ತು? ವರ್ಷಕ್ಕೊಮ್ಮೆ ರಜೆಗೆ ಬಂದವಳ ಹತ್ತಿರ ನಾನು ಒಂದು ನಿಮಿಷ ಬಾಯಿ ಮುಚ್ಚಿದವಳಲ್ಲ.

ಇಗರ್ಜಿ

ಇಗರ್ಜಿ ಎಂದರೆ ಗೋಪುರ, ಗಂಟೆ ಎಂದು ಊಹಿಸಿಕೊಂಡು ಹೋದವಳು ನಾನು. ಅಲ್ಲಿದ್ದದ್ದು ಮೊಣಕಾಲಿನಿಂದ ಸೊಂಟದೆತ್ತರದ ಗೋಡೆಗಳು. ಇಸ್ಲಾಂ ಈ ಕಡೆ ಹರಡುತ್ತಿದ್ದ ಕಾಲದಲ್ಲೂ ಇಲ್ಲಿ ಸನ್ಯಾಸಿಗಳು ಇದ್ದರಂತೆ. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕೋಣೆ, ನಡುವೆ ಇಗರ್ಜಿ, ಪೂರ್ವಕ್ಕೆ ಮುಖ. ಗಾರೆಯಲ್ಲಿ ಕೆತ್ತಿದ ಶಿಲುಬೆಗಳು ಸಿಕ್ಕಿದ್ದವಂತೆ. ಯಾರೂ ಇದನ್ನು ಒಡೆಯಲಿಲ್ಲ, ಸುಡಲಿಲ್ಲ, ಸನ್ಯಾಸಿಗಳು ನಿಧಾನವಾಗಿ ಬಿಟ್ಟುಹೋದರು, ಗೋಡೆ ತಾನಾಗಿ ಮಣ್ಣಾಯಿತು ಎಂದಳು ಗೈಡ್. ನಮ್ಮ ಊರಿನ ಇಗರ್ಜಿಗೆ ಹಬ್ಬ ಹಬ್ಬಕ್ಕೆ ಬಣ್ಣ ಬಳಿದು ಹಳೆಯದೊಂದು ಗೆರೆಯೂ ಉಳಿದಿಲ್ಲ. ಇವರು ತಮ್ಮದಲ್ಲದ ಇಗರ್ಜಿಯ ಮುರುಕು ಗೋಡೆಗೆ ಬೇಲಿ ಕಟ್ಟಿ ಕಾಯುತ್ತಿದ್ದಾರೆ.

ಲೀನಾ ಗೈಡ್ ಜೊತೆ ಕೋಣೆಗಳ ಕಡೆ ಹೋದಳು. ಇದೇ ಸಮಯವೆಂದು ನಾನು ಬಲಿಪೀಠವಿದ್ದ ಕಡೆ ತಿರುಗಿ ಮಂಡಿಯೂರಿ ಚೀಲಕ್ಕೆ ಕೈ ಹಾಕಿದೆ. ಬತ್ತಿ ಹೊರಬಂತು. ಅಯ್ಯೋ ದೇವರೇ! ಹಿಂದಿನ ದಿನವೆಲ್ಲ ಚೀಲವನ್ನು ಗಾಡಿಯ ಗಾಜಿನ ಕೆಳಗೆ ಬಿಸಿಲಿಗೆ ಇಟ್ಟಿದ್ದೆನಲ್ಲ, ಬತ್ತಿ ಬಾಳೆಕಾಯಿಯ ಹಾಗೆ ಬಾಗಿತ್ತು. ಪರವಾಗಿಲ್ಲ, ಉರಿದರೆ ಸಾಕು ಎಂದು ಬೆಂಕಿಕಡ್ಡಿ ಗೀರಿದೆ.

"ನೋ, ನೋ, ಮ್ಯಾಡಮ್!" ಗೈಡ್ ಓಡಿ ಬಂದಳು. ಬೆಂಕಿ ಹಚ್ಚುವ ಹಾಗಿಲ್ಲ, ಏನನ್ನೂ ಬಿಟ್ಟುಹೋಗುವ ಹಾಗಿಲ್ಲ. ಕಡ್ಡಿ ಬೆರಳು ಸುಟ್ಟಿತು. ಎಲ್ಲರ ಎದುರು ಶಾಲೆಯ ಮಕ್ಕಳ ಹಾಗೆ ಬೈಸಿಕೊಂಡು ನನಗೆ ಕಣ್ಣಲ್ಲಿ ನೀರೇ ಬಂತು.

ಜುಲೇಖಾ ನಡುವೆ ಬಂದು ನಿಂತಳು. ಅರಬಿ, ಇಂಗ್ಲಿಷು, ಕೈ ಸನ್ನೆ ಎಲ್ಲ ಬೆರೆಸಿ ಏನೋ ಹೇಳಿದಳು. ಗೈಡ್ ಮೆತ್ತಗಾಗಿ ಹಿಂದೆ ಸರಿದಳು. "ಹಚ್ಚದೆ ಕೈಯಲ್ಲಿ ಹಿಡ್ಕೊಂಡು ಬೇಡಿಕೊಳ್ಬಹುದಂತೆ ಟೀಚರ್. ನಿಮ್ಮ ದೇವರಿಗೆ ಅಷ್ಟು ಗೊತ್ತಾಗುದಿಲ್ವಾ?" ಎಂದು ನನ್ನ ಪಕ್ಕದಲ್ಲೇ ನಿಂತು, ತಾನೂ ಎರಡು ಅಂಗೈ ಬಿಡಿಸಿ ಕಣ್ಣು ಮುಚ್ಚಿದಳು.

ನಾನು ಅವಳಿಂದ ಬಿಡಿಸು ಎಂದು ಬೇಡಬೇಕಾದದ್ದು ಅವಳ ಪಕ್ಕದಲ್ಲೇ. ಆದರೂ ಬೇಡಿದೆ. ಒಂದಕ್ಷರ ಬಿಡಲಿಲ್ಲ.

ಎದ್ದ ಮೇಲೆ ಸುಮ್ಮನಿರಲಾರದೆ ಕೇಳಿದೆ. "ನೀವೆಂತ ಬೇಡಿದ್ದು?"

ಅವಳು ಲೀನಾ ದೂರದಲ್ಲಿದ್ದಾಳೆಂದು ಖಚಿತ ಮಾಡಿಕೊಂಡಳು. "ಟೀಚರ್, ದೇರಾದ ನಮ್ಮ ಅಂಗಡಿ ಮುಚ್ತಾ ಇದ್ದೇವೆ. ನಮ್ಮ ಯಜಮಾನ್ರಿಗೆ ಆಗುದಿಲ್ಲ ಇನ್ನು. ಕ್ರಿಸ್‌ಮಸ್ ಹೊತ್ತಿಗೆ ನಾವು ಭಟ್ಕಳಕ್ಕೆ. ಖಲಾಸ್. ಲೀನಾಳಿಗೆ ಇನ್ನೂ ಹೇಳ್ಲಿಲ್ಲ, ಬಾಯಿ ಬರುದಿಲ್ಲ ನನ್ಗೆ. ಅವಳೊಬ್ಬಳನ್ನೇ ಆ ಕಟ್ಟಡದಲ್ಲಿ ಬಿಟ್ಟು ಹೇಗೆ ಹೋಗುದು? ಜ್ವರ ಬಂದ್ರೂ ಡ್ಯೂಟಿಗೆ ಹೋಗುವವಳು ಅದು. ನೀವು ಕರ್ಕೊಂಡು ಹೋಗಿ ಮಾರಾಯ್ರೆ. ನಿಮ್ಮ ಮಾತು ಕೇಳ್ಲಿ ಅವಳು ಅಂತ ಬೇಡಿದೆ."

ನನಗೆ ಸಂತೋಷವಾಗಬೇಕಿತ್ತು. ಬತ್ತಿ ಹಚ್ಚುವ ಮೊದಲೇ ಬೇಡಿಕೆ ಈಡೇರುತ್ತಿತ್ತು. ಆದರೆ ಹೊಟ್ಟೆಯಲ್ಲಿ ಮೊದಲು ಎದ್ದದ್ದು ಬೆಂಕಿ. ನನ್ನ ತಂಗಿಯನ್ನು ನನಗೆ ಕೊಡಲಿಕ್ಕೆ ಇವಳು ಯಾರು? ಅವಳಿಗೆ ಜ್ವರ ಬಂದದ್ದು ನನಗೆ ಯಾಕೆ ಗೊತ್ತಿಲ್ಲ?

"ನೀವೆಂತ ಬೇಡಿದ್ರಿ?" ಎಂದಳು ಜುಲೇಖಾ.

"ನಾನೂ ಅದೇ," ಎಂದೆ. ಅರ್ಧ ನಿಜ.

ದೇರಾ

ವಾಪಸ್ ಬರುವಾಗ ಜುಲೇಖಾ ಗಾಡಿಯನ್ನು ಮನೆಗೆ ತಿರುಗಿಸದೆ ನೇರ ದೇರಾಕ್ಕೆ ಬಿಟ್ಟಳು. ಸಾಂಬಾರ ಪದಾರ್ಥದ ಓಣಿ ದಾಟಿ ಒಂದು ಬಟ್ಟೆಯ ಅಂಗಡಿ. ಒಳಗೆ ಕಪಾಟುಗಳು ಅರ್ಧ ಖಾಲಿ. ಅವಳ ಗಂಡ ಸ್ಟೂಲಿನ ಮೇಲೆ ಕುಳಿತು ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದರು. ಬಾಯಲ್ಲಿ ಹೇಳಲಾಗದ್ದನ್ನು ತೋರಿಸಿಬಿಡೋಣ ಎಂದು ಕರೆತಂದಿದ್ದಳು.

ಲೀನಾ ಖಾಲಿ ಕಪಾಟು ನೋಡಿದಳು. ಜುಲೇಖಾಳನ್ನು ನೋಡಿದಳು. "ಯಾವಾಗ?" ಎಂದು ಒಂದೇ ಮಾತು. ಆಮೇಲೆ ಗೋಣಿಯ ಮೇಲೆ ಕುಳಿತು ಅತ್ತಳು ನೋಡಿ, ಅಮ್ಮ ಹೋದಾಗ ಅತ್ತ ಹಾಗೆ. ರಜೆ ಮುಗಿಸಿ ಹೊರಡುವಾಗ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಪ್ರತಿ ಸಲ ನಗುತ್ತಲೇ ಕೈ ಬೀಸುತ್ತಿದ್ದದ್ದು ನೆನಪಾಯಿತು. ಜುಲೇಖಾ ಅವಳ ತಲೆ ಸವರುತ್ತಿದ್ದಳು. ನಾನು ಇನ್ನೊಂದು ಬದಿಯಲ್ಲಿ ಕುಳಿತು ಬೆನ್ನು ಸವರಿದೆ. ತಲೆ ಅವಳಿಗೆ ಮೊದಲೇ ಸಿಕ್ಕಿಬಿಟ್ಟಿತ್ತು.

ಮನೆಗೆ ಬಂದ ಮೇಲೆ ಲೀನಾ ಮುಖ ತೊಳೆದುಕೊಂಡು ಬಂದಳು. "ಜುಲೇಖಾಕ್ಕ ಇಲ್ಲದ ಮೇಲೆ ನಾನಿಲ್ಲಿ ಇದ್ದು ಎಂತ ಮಾಡುದು? ಬರ್ತೇನೆ ಅಕ್ಕ. ರಾಜೀನಾಮೆ ಕೊಡ್ತೇನೆ."

ಇಷ್ಟು ವರ್ಷ ನಾನು ಕರೆದದ್ದಕ್ಕೆ ಬಾರದ ಮಾತು! ಹಸಿರು ಬಣ್ಣ ಬಳಿದ ಕೋಣೆಗೆ ಬಾರದ ಮಾತು!

"ಬಾ," ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು. "ಅಕ್ಕ, ಕುಂದಾಪುರದಿಂದ ಭಟ್ಕಳಕ್ಕೆ ಎಷ್ಟು ದೂರ?"

ಎಕ್ಸ್‌ಪ್ರೆಸ್ ಬಸ್ಸಾದರೆ ಒಂದು ಗಂಟೆ. "ಎರಡೂವರೆ ಗಂಟೆ," ಎಂದೆ. "ರಸ್ತೆಯೂ ಸರಿ ಇಲ್ಲ."

ಕುಂದಾಪುರ

ಲೀನಾ ಜನವರಿಯಲ್ಲಿ ಬಂದಳು. ಹಸಿರು ಕೋಣೆಯ ಕಿಟಕಿ ತೆರೆದು "ಚಂದ ಉಂಟು ಅಕ್ಕ" ಎಂದಳು. ಆ ರಾತ್ರಿ ಅವಳು ಮಲಗಿದ ಮೇಲೆ ದೇವರ ಮೂರ್ತಿಯ ಮುಂದೆ ಆ ಬಾಗಿದ ಬತ್ತಿ ಹಚ್ಚಿದೆ. ನಾನು ಬೇಡಿದ್ದು ಎರಡು, ದೇವರು ಕೊಟ್ಟದ್ದು ಒಂದು. ಬಾಗಿದ ಜಾಗದವರೆಗೆ ಉರಿಯಲು ಬಿಟ್ಟು ಉಫ್ ಎಂದು ಆರಿಸಿ, ಉಳಿದದ್ದನ್ನು ಕಪಾಟಿನಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಮಾವಿನ ಮಿಡಿಯ ಬಾಟಲಿ ಹುಡುಕುತ್ತಿದ್ದ ಶಬ್ದಕ್ಕೆ ಎಚ್ಚರವಾಯಿತು. ಲೀನಾ ಸ್ನಾನ ಮಾಡಿ ತಯಾರಾಗಿದ್ದಳು. "ಭಟ್ಕಳಕ್ಕೆ ಹೋಗಿ ಬರ್ತೇನೆ. ನಿನ್ಗೆ ಮಂಡಿನೋವು, ಎರಡೂವರೆ ಗಂಟೆ ಬಸ್ಸಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ನೀನು ಇರು."

ಇರುವುದಾ? ಅವರಿಬ್ಬರನ್ನೇ ಬಿಟ್ಟು? ನಾನು ಅವಳಿಗಿಂತ ಮೊದಲು ಸೀರೆ ಉಟ್ಟು, ಅವಳಿಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಹೋಗಿ, ಇಬ್ಬರು ಕೂರುವ ಸೀಟು ಹಿಡಿದು ಅವಳನ್ನು ಕಿಟಕಿಯ ಕಡೆ ಕೂರಿಸಿದೆ. ಉಪ್ಪಿನಕಾಯಿ ನನ್ನ ತೊಡೆಯ ಮೇಲೆ. ಈ ಸಲ ನಾನೇ ಕೈಯಾರೆ ಕೊಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಭಟ್ಕಳದಲ್ಲಿ ಇಳಿಯುವಾಗ ಲೀನಾ ಕೈಗಡಿಯಾರ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಡ್ರೈವರ್ ಇವತ್ತು ಜೋರು ಬಿಟ್ಟ," ಎಂದೆ.

"ಹೌದೌದು," ಎಂದಳು ಲೀನಾ. ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ಆಚೆ ಬದಿಯಲ್ಲಿ ಜುಲೇಖಾ ಎರಡೂ ಕೈ ಎತ್ತಿ ನಿಂತಿದ್ದಳು. "ಅಕ್ಕಾ!" ಎಂದು ಲೀನಾ ಕೂಗಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಆದರೂ "ಓ" ಎಂದೆ.